ಇಪ್ಪತ್ತೇಳರಲ್ಲಿ ಯಾರೋ ಇದ್ದಾರೆ

"ನಿಮ್ಮ ಮೂರನೇ ಕ್ಯಾಮೆರಾಗೆ ಮಧ್ಯಾಹ್ನ ನಿದ್ದೆ ಮಾಡೋ ಅಭ್ಯಾಸ ಇದೆ ಮೇಡಂ," ಎಂದರು ಕನ್ನಡಕದಂಗಡಿಯವರು ಫೋನಿನಲ್ಲಿ. "ನಾಲ್ಕು ಗಂಟೆಗೆ ಮಲಗುತ್ತೆ. ಕಾಲು ಗಂಟೆ ಬಿಟ್ಟು ತಾನೇ ಏಳುತ್ತೆ."

ನನಗೆ ಮೂಗಿನ ತುದಿಯಲ್ಲೇ ಕೋಪ. ಹದಿನಾಲ್ಕು ವರ್ಷದಿಂದ ಏಣಿ ಹತ್ತಿ ಊರಿನ ಅಂಗಡಿ, ಗೋದಾಮು, ಮೆಟ್ಟಿಲುಗಳಿಗೆಲ್ಲ ಕಣ್ಣು ಕೂರಿಸಿದವಳು ನಾನು. ನಾನು ಹಾಕಿದ ಕ್ಯಾಮೆರಾ ನಿದ್ದೆ ಮಾಡುವುದೆಂದರೇನು?

"ಇಲಿ ವೈರ್ ಕಡಿದಿರುತ್ತೆ," ಎಂದೆ.

"ಇಲಿ ಗಡಿಯಾರ ನೋಡ್ಕೊಂಡು ಕಡಿಯುತ್ತಾ?"

ನಗು ಬಂತು. ಅವರಿಗೆ ಕೇಳಿಸದ ಹಾಗೆ ನುಂಗಿಕೊಂಡು, ನಾಳೆ ಬೆಳಗ್ಗೆ ಬರುತ್ತೇನೆ ಎಂದೆ.

ಅವರ ಅಂಗಡಿ ಒಂದು ಉದ್ದನೆಯ ಕೋಣೆ. ಮುಂದೆ ಕನ್ನಡಿಯ ಕಪಾಟಿನಲ್ಲಿ ಸಾಲು ಸಾಲು ಫ್ರೇಮುಗಳು. ನಡುವೆ ಕಣ್ಣು ಪರೀಕ್ಷೆಯ ಕುರ್ಚಿ, ಎದುರು ಗೋಡೆಗೆ ಅಕ್ಷರದ ಹಲಗೆ. ಪರದೆ ಸರಿಸಿದರೆ ಹಿಂದೆ ಗಾಜು ಉಜ್ಜುವ ಚಕ್ರ, ಒಂದು ಬೆಂಚು, ಹಿಂಬಾಗಿಲು. ಆ ಬಾಗಿಲನ್ನು ಕಾಯಲೆಂದೇ ಮೂರನೇ ಕ್ಯಾಮೆರಾ. ಒಂದು ತಿಂಗಳ ಹಿಂದೆ ನಾನೇ ಹಾಕಿದ್ದೆ.

ಅವರಿಗೆ ನಲವತ್ತೈದರ ಆಸುಪಾಸು. ಹಣೆಯ ಮೇಲೇರಿಸಿದ ಕನ್ನಡಕವನ್ನು ಮೇಜಿನ ತುಂಬ ಹುಡುಕುತ್ತಿದ್ದರು. ನಾನು ಹೇಳಬಹುದಿತ್ತು. ಹೇಳದೆ ಏಣಿ ಬಿಡಿಸುತ್ತ ನಿಂತು ನೋಡಿದೆ.

"ಸಿಕ್ಕಿತು," ಎಂದರು ಕೊನೆಗೆ, ಹಣೆ ಮುಟ್ಟಿಕೊಂಡು. "ನೀವು ನೋಡ್ತಾನೇ ಇದ್ರಿ, ಅಲ್ವಾ?"

"ನೋಡೋದೇ ನನ್ನ ಕೆಲಸ."

ಆ ದಿನ ವೈರಿನ ತುದಿ ಕತ್ತರಿಸಿ ಹೊಸ ಪ್ಲಗ್ ಹಾಕಿ ಬಂದೆ. ಅದೇ ಮಧ್ಯಾಹ್ನ ನಾಲ್ಕು ಗಂಟೆ ಎರಡು ನಿಮಿಷಕ್ಕೆ ನನ್ನ ಫೋನಿಗೆ ಸಂದೇಶ ಬಂತು: ಕ್ಯಾಮೆರಾ ಮೂರು, ಸಂಪರ್ಕವಿಲ್ಲ. ದೂರು ಬಂದ ಕ್ಯಾಮೆರಾದಿಂದ, ವಾರಂಟಿ ಇರುವವರೆಗೆ, ಇಷ್ಟು ಸುದ್ದಿ ಮಾತ್ರ ನನಗೆ ಬರುತ್ತದೆ. ಒಳಗಿನ ಚಿತ್ರ ಬರುವುದಿಲ್ಲ, ಬರಲೂಬಾರದು. ಪಾಸ್‌ವರ್ಡ್ ಅಂಗಡಿಯವರ ಕೈಗೆ ಕೊಟ್ಟ ಮೇಲೆ ಆ ಅಂಗಡಿಯತ್ತ ನಾನು ಕುರುಡಿ.

ಎರಡನೇ ಸಲವೂ ಬೆಳಗ್ಗೆಯೇ ಹೋಗಿ ಇಡೀ ವೈರನ್ನೇ ಬದಲಿಸಿದೆ. ಪ್ಲಗ್ಗಿನೊಳಗೆ ಎಂಟು ಬಣ್ಣದ ಎಳೆಗಳನ್ನು ಸಾಲಾಗಿ ಕೂರಿಸಬೇಕು. ನಾನು ಅದನ್ನು ತೋಳುದ್ದ ದೂರ ಹಿಡಿದು ಕಣ್ಣು ಕಿರಿದಾಗಿಸಿದ್ದನ್ನು ಅವರು ನೋಡಿಬಿಟ್ಟರು.

"ಎಷ್ಟು ವರ್ಷ ಆಯ್ತು?" ಎಂದರು.

"ಒಂದೇ ತಿಂಗಳು. ವಾರಂಟಿ ಎರಡು ವರ್ಷ ಇದೆ."

"ಕ್ಯಾಮೆರಾಗಲ್ಲ, ನಿಮಗೆ."

"ನಲವತ್ತೊಂದು. ನನಗೆ ವಾರಂಟಿ ಮುಗಿದಿದೆ."

"ಚಾಳೀಸು ಬೇಕು ನಿಮಗೆ."

"ಚಾಳೀಸು ಮುದುಕರಿಗೆ."

"ಕಿತ್ತಳೆ ಎಳೆ ಇರೋ ಕಡೆ ಕಂದು ಎಳೆ ಹಾಕಿದ್ದೀರಲ್ಲ, ಅದು ಯಾವ ವಯಸ್ಸಿನವರು ಮಾಡೋದು?"

ನೋಡಿದರೆ ನಿಜವಾಗಿಯೂ ಹಾಗೇ ಹಾಕಿದ್ದೆ. ಕಿವಿ ಬಿಸಿಯಾಯಿತು. ಮತ್ತೆ ಕತ್ತರಿಸಿ ಮೊದಲಿಂದ ಶುರುಮಾಡಿದೆ. ಅವರು ಮೇಜಿನ ದೀಪವನ್ನು ನನ್ನ ಕೈಯತ್ತ ತಿರುಗಿಸಿ ಹಿಡಿದುಕೊಂಡರು. ನನ್ನ ಕೆಲಸಕ್ಕೆ ಯಾರಾದರೂ ದೀಪ ಹಿಡಿದು ಎಷ್ಟು ಕಾಲವಾಗಿತ್ತೋ. ಎಂಟು ಎಳೆ ಜೋಡಿಸಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ.

ಅಂದೂ ನಾಲ್ಕು ಗಂಟೆಗೆ ಫೋನು ಗುಂಯ್‌ಗುಟ್ಟಿತು. ಅದರ ಮರುದಿನವೂ.

ನನ್ನ ಫೋನಿಗೆ ದಿನವೂ ತಪ್ಪದೆ ಬರುವುದು ಇನ್ನೊಂದೇ, ಬೆಳಗ್ಗೆ ಎಂಟಕ್ಕೆ ಅಕ್ಕನ ಕರೆ. ತಿಂಡಿ ಆಯ್ತಾ, ಏಣಿ ಹುಷಾರು, ಅಷ್ಟೆ. ಆಮೇಲೆ ಇಡೀ ದಿನ ಅದು ಚೀಲದಲ್ಲಿ ಸುಮ್ಮನಿರುತ್ತಿತ್ತು. ಸಂಜೆ ಎರಡನೇ ಮಹಡಿಯ ನನ್ನ ಕೋಣೆಗೆ ಬಂದು ಬೂಟು ಬಿಚ್ಚಿದರೆ ಅದೇ ಆ ಮನೆಯ ಕೊನೆಯ ಸದ್ದು. ಈಗ ನೋಡಿದರೆ, ಯಾರದೋ ಗೋದಾಮಿನ ಏಣಿಯ ಮೇಲಿದ್ದರೂ ಮೂರೂಮುಕ್ಕಾಲಿಗೆ ಕೈ ನಿಧಾನವಾಗುತ್ತಿತ್ತು. ಸಂದೇಶ ಬಂದರೆ ಎದೆ ಹಗುರಾಗುತ್ತಿತ್ತು. ಕೆಟ್ಟ ಕ್ಯಾಮೆರಾ ಕಂಡು ಸಂತೋಷಪಡುವ ಮೆಕ್ಯಾನಿಕ್ ಇದ್ದರೆ ಅದು ನಾನೇ.

ಮೂರನೇ ಸಲ ಬೇರೆ ದಾರಿಯಿರಲಿಲ್ಲ. ತೊಂದರೆ ಬರುವ ಹೊತ್ತಿಗೇ ಅಲ್ಲಿರಬೇಕು. ಲ್ಯಾಪ್‌ಟಾಪ್ ಹಿಡಿದು ಮೂರೂವರೆಗೆ ಹೋದೆ.

"ಅರ್ಧ ಗಂಟೆ ಏನು ಮಾಡ್ತೀರ? ಬನ್ನಿ, ಕೂತ್ಕೊಳ್ಳಿ," ಎಂದು ಪರೀಕ್ಷೆಯ ಕುರ್ಚಿ ತೋರಿಸಿದರು.

ಬೇಡವೆನ್ನಲು ಬಾಯಿ ತೆರೆದವಳು ಹೋಗಿ ಕುಳಿತೆ. ಭಾರದ ಫ್ರೇಮೊಂದನ್ನು ಮೂಗಿನ ಮೇಲಿಟ್ಟು ಒಂದೊಂದೇ ಗಾಜು ಬದಲಿಸಿದರು. "ಇದು ಚೆನ್ನಾಗಿದೆಯಾ? ಇದಾ? ಮೊದಲಿನದಾ?" ಬಹಳ ದಿನಗಳಿಂದ ನನಗೇನು ಚೆನ್ನಾಗಿದೆ ಎಂದು ಯಾರೂ ಕೇಳಿರಲಿಲ್ಲ. ಸರಿಯಾಗಿ ಕಂಡ ಗಾಜನ್ನೂ ಇನ್ನೊಮ್ಮೆ ತೋರಿಸಿ ಎಂದೆ.

ಆಮೇಲೆ ಪುಟ್ಟ ಸ್ಕೇಲು ತೆಗೆದರು. ಎರಡು ಕಣ್ಣುಗಳ ನಡುವಿನ ಅಂತರ ಅಳೆಯಬೇಕಂತೆ.

"ನನ್ನ ಎಡಗಣ್ಣನ್ನೇ ನೋಡಿ."

ನೋಡಿದೆ. ಕಂದು ಕಣ್ಣು, ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ. ಊರೆಲ್ಲ ನೋಡುವ ಕೆಲಸ ನನ್ನದು. ಆದರೆ ನೋಡಿದ್ದು ತಿರುಗಿ ನನ್ನನ್ನು ನೋಡುವುದು ಅಭ್ಯಾಸವಿರಲಿಲ್ಲ.

"ರೆಪ್ಪೆ ಬಡೀಬಹುದು ಮೇಡಂ. ಉಸಿರೂ ಆಡಬಹುದು."

"ಬೇಗ ಅಳೀರಿ."

"ಆಗಿತ್ತು. ತಪ್ಪಿರಬಹುದು ಅಂತ ಇನ್ನೊಂದು ಸಲ ನೋಡ್ದೆ."

ಇಬ್ಬರೂ ಒಟ್ಟಿಗೆ ಬೇರೆಲ್ಲೋ ನೋಡಿದೆವು. ಗಡಿಯಾರ ನಾಲ್ಕು ತೋರಿಸುತ್ತಿತ್ತು. ಅವರ ಮುಖ ತಟ್ಟನೆ ಬದಲಾಯಿತು. "ಒಂದು ಹತ್ತು ನಿಮಿಷ, ಬಂದೆ," ಎಂದು ಪರದೆಯ ಹಿಂದೆ ಹೋದರು.

ಕೌಂಟರಿನ ಮೇಲಿನ ರೆಕಾರ್ಡರ್ ಬೀಪ್ ಎಂದಿತು. ಅದರ ತೆರೆಯ ನಾಲ್ಕು ಚೌಕಗಳಲ್ಲಿ ಮೂರನೆಯದು ಕಪ್ಪಾಯಿತು. ಲ್ಯಾಪ್‌ಟಾಪಿನಲ್ಲಿ ಹುಡುಕಿದೆ. ಒಂದು ಜಾಲದಲ್ಲಿರುವ ಪ್ರತಿ ಯಂತ್ರಕ್ಕೂ ಮನೆ ನಂಬರಿನ ಹಾಗೆ ಒಂದು ನಂಬರಿರುತ್ತದೆ. ಒಂದೇ ನಂಬರು ಎರಡಕ್ಕಿದ್ದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ಮೂರನೇ ಕ್ಯಾಮೆರಾಗೆ ನಾನು ಕೊಟ್ಟದ್ದು ಇಪ್ಪತ್ತೇಳು. ಇಪ್ಪತ್ತೇಳನ್ನು ಕರೆದೆ. ಓಗೊಟ್ಟಿತು. ಆದರೆ ಓಗೊಟ್ಟದ್ದು ಕ್ಯಾಮೆರಾ ಅಲ್ಲ.

"ಇಪ್ಪತ್ತೇಳರಲ್ಲಿ ಯಾರೋ ಇದ್ದಾರೆ!" ಎಂದು ಕೂಗುತ್ತ, ಕಳ್ಳ ಸಿಕ್ಕ ಖುಷಿಯಲ್ಲಿ ಪರದೆ ಸರಿಸಿದೆ.

ಅವರು ಬೆಂಚಿನ ಮೇಲೆ ಕುಳಿತಿದ್ದರು. ತೊಡೆಯ ಮೇಲೆ ಮೂಲೆ ಬಿರುಕುಬಿಟ್ಟ ಹಳೆಯ ಟ್ಯಾಬ್, ಅದಕ್ಕೆ ಕೈಯಿಂದ ಹೊಲಿದ ನೀಲಿ ಬಟ್ಟೆಯ ಕವಚ.

"ಅದರ ನಂಬರ್... ಯಾರು ಹಾಕಿದ್ದು?" ನನ್ನ ದನಿ ತಗ್ಗಿತು.

"ನನ್ನ ಹೆಂಡತಿ. ವೈಫೈ, ಪಾಸ್‌ವರ್ಡ್ ಎಲ್ಲ ಅವಳೇ ನೋಡ್ಕೋತಿದ್ದಳು. ಇಪ್ಪತ್ತೇಳು ಅವಳು ಹುಟ್ಟಿದ ತಾರೀಖು." ಕವಚದಿಂದ ಬಿಟ್ಟಿದ್ದ ಒಂದು ದಾರವನ್ನು ಒಳಗೆ ತುರುಕಿದರು. "ಹೋಗಿ ಮೂರು ವರ್ಷ ಆಯ್ತು."

ಟ್ಯಾಬಿನ ಮೇಲೆ ಪದಬಂಧವಿತ್ತು. ದಿನಕ್ಕೊಂದು. ಒಂದು ದಿನವೂ ತಪ್ಪಿಸದೆ ಬಿಡಿಸಿದರೆ ಮೇಲೆ ಎಣಿಕೆ ಬೆಳೆಯುತ್ತ ಹೋಗುತ್ತದೆ. ತಪ್ಪಿದರೆ ಸೊನ್ನೆ. ಅವರ ಹೆಂಡತಿ ದಿನವೂ ನಾಲ್ಕು ಗಂಟೆಗೆ ಇದೇ ಬೆಂಚಿನಲ್ಲಿ ಕುಳಿತು ಬಿಡಿಸುತ್ತಿದ್ದರಂತೆ.

"ಕೊನೇ ದಿನ ಆಸ್ಪತ್ರೆಯಲ್ಲಿ ಅರ್ಧ ತುಂಬಿಸಿದ್ದಳು. ಉಳಿದರ್ಧ ನಾನು. ಆವತ್ತಿಗೆ ಆರುನೂರ ಹನ್ನೆರಡು. ಇವತ್ತಿಗೆ ಸಾವಿರದ ಏಳುನೂರ ನಲವತ್ತೆರಡು. ನಂಗೆ ಪದಬಂಧ ಬರೋದೇ ಇಲ್ಲ ಮೇಡಂ. ನಿಘಂಟು ಇಟ್ಕೊಂಡು ಒದ್ದಾಡ್ತೀನಿ." ಟ್ಯಾಬಿನ ಅಂಚು ಸವರಿದರು. "ಈಚೆಗೆ ಇದು ನಡುನಡುವೆ ನಿಂತುಬಿಡುತ್ತೆ. ಒಂದು ತಿಂಗಳಿಂದ. ಇದೂ ಹೋಗುತ್ತೇನೋ ಅಂತ ಭಯ ಆಗಿತ್ತು."

ಒಂದು ತಿಂಗಳು. ಕ್ಯಾಮೆರಾ ಹಾಕಿದ ದಿನ ಬೆಳಗ್ಗೆ ಯಾವ ನಂಬರು ಖಾಲಿ ಎಂದು ಹುಡುಕಿದ್ದೆ. ಈ ಟ್ಯಾಬನ್ನು ಆಗ ಆಫ್ ಮಾಡಿಟ್ಟಿದ್ದರು, ಹಾಗಾಗಿ ಇಪ್ಪತ್ತೇಳು ಖಾಲಿ ಎಂದು ಕಂಡಿತು. ಯಾರೂ ಓಗೊಡಲಿಲ್ಲ ಎಂದಮಾತ್ರಕ್ಕೆ ಆ ಜಾಗಕ್ಕೆ ಯಾರೂ ಇಲ್ಲ ಎಂದುಕೊಂಡೆ. ನನ್ನ ಕ್ಯಾಮೆರಾ ಒಂದು ತಿಂಗಳಿಂದ ಅವರ ಹೆಂಡತಿಯನ್ನು ಹೊರದಬ್ಬುತ್ತಿತ್ತು.

"ತಪ್ಪು ನಂದೇ," ಎಂದೆ. "ಇಪ್ಪತ್ತೇಳು ಅವರದು, ಅವರಿಗೇ ಇರಲಿ. ನಾನು ಬೇರೆ ಕಡೆ ಹೋಗ್ತೀನಿ."

ಅವರು ತಲೆಯೆತ್ತಿದರು.

"ಕ್ಯಾಮೆರಾ," ಎಂದೆ. "ಕ್ಯಾಮೆರಾನ ಬೇರೆ ನಂಬರಿಗೆ ಹಾಕ್ತೀನಿ."

ನಲವತ್ತಕ್ಕೆ ಹಾಕಿದೆ. ಎರಡೇ ನಿಮಿಷದ ಕೆಲಸ. ಮೂರನೇ ಚೌಕ ಬೆಳಗಿತು, ಟ್ಯಾಬೂ ನಿಲ್ಲಲಿಲ್ಲ. ಅವರ ಮುಖ ನೋಡದೆ ಲ್ಯಾಪ್‌ಟಾಪ್ ಮಡಚಿ ಹೊರಟೆ.

ಮರುದಿನ ನಾಲ್ಕಕ್ಕೆ ಫೋನು ಸುಮ್ಮನಿತ್ತು. ಅದರ ಮರುದಿನವೂ. ಸರಿಯಾಗಿ ಮಾಡಿದ ಕೆಲಸದ ಮೇಲೆ ಇಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ. ಕನ್ನಡಕ ಒಂದು ವಾರದಲ್ಲಿ ಕೊಡುತ್ತೇನೆ ಎಂದಿದ್ದರು. ವಾರ ಕಳೆಯಿತು, ಕರೆ ಬರಲಿಲ್ಲ. ನಾನಾಗಿ ಹೋಗಬಹುದಿತ್ತು. ಹೋಗಿ ಏನೆನ್ನಲಿ? ಆ ಬೆಂಚಿನ ಮೇಲೆ ಜಾಗವಿಲ್ಲ ಎಂದು ಕಣ್ಣಾರೆ ಕಂಡು ಬಂದವಳು.

"ಯಾಕೆ ದನಿ ಸಪ್ಪೆ?" ಎಂದಳು ಅಕ್ಕ ಬೆಳಗ್ಗೆ. "ಊರವರ ಬಾಗಿಲಿಗೆಲ್ಲ ಕ್ಯಾಮೆರಾ ಹಾಕ್ತೀಯ. ನಿನ್ನ ಬಾಗಿಲಿಗೆ ಯಾರಾದ್ರೂ ಬರ್ತಾರಾ ಅಂತ ಒಂದು ದಿನ ನೋಡ್ದೆಯಾ?"

"ಹಾಲು ಉಕ್ಕುತ್ತಿದೆ ಕಣೇ, ಇಡ್ತೀನಿ," ಎಂದೆ. ಒಲೆಯನ್ನೇ ಹಚ್ಚಿರಲಿಲ್ಲ.

ಹನ್ನೊಂದನೇ ದಿನ ಮಧ್ಯಾಹ್ನ ಕರೆ ಬಂತು.

"ಮೇಡಂ, ಕ್ಯಾಮೆರಾ ನಾಲ್ಕೂ ಸರಿ ಇದೆ."

"ಸರಿ ಇದ್ರೆ ಯಾರಾದ್ರೂ ಫೋನ್ ಮಾಡ್ತಾರಾ?"

"ನಿಮ್ಮ ಕನ್ನಡಕವೂ ರೆಡಿ ಇದೆ," ಎಂದರು. ದನಿ ಒಡೆದಂತಿತ್ತು.

ಹೋದೆ. ಕನ್ನಡಕ ತೊಡಿಸಿ, ಕಿವಿಯ ಹಿಂದೆ ಕಡ್ಡಿ ಸರಿಮಾಡಿದರು. ಹತ್ತಿರದ್ದೆಲ್ಲ ಒಮ್ಮೆಲೇ ಸ್ಪಷ್ಟವಾಯಿತು. ಅವರ ಅಂಗಿಯ ಎರಡನೇ ಗುಂಡಿಯನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದರು. ಕಣ್ಣು ಕೆಂಪಾಗಿತ್ತು.

"ಏನಾಯ್ತು?" ಎಂದೆ.

"ಸೊನ್ನೆ ಆಯ್ತು."

ಅರ್ಥವಾಗಲು ಒಂದು ಕ್ಷಣ ಹಿಡಿಯಿತು.

"ನಿನ್ನೆ ನಿಮ್ಮ ಗಾಜು ಉಜ್ಜುತ್ತಾ ಕೂತಿದ್ದೆ. ನಾಲ್ಕು ಗಂಟೆ ಆಗಿದ್ದೂ ಗೊತ್ತಾಗ್ಲಿಲ್ಲ, ಅಂಗಡಿ ಮುಚ್ಚೋ ಹೊತ್ತಾಗಿದ್ದೂ ಗೊತ್ತಾಗ್ಲಿಲ್ಲ. ಬೆಳಗ್ಗೆ ಮುಖ ತೊಳೆಯುವಾಗ ನೆನಪಾಯ್ತು. ಓಡಿಬಂದು ತೆಗೆದೆ. ಸೊನ್ನೆ."

ಮತ್ತೆ ನಾನೇ. ಎಷ್ಟು ಜಾಗ ಬಿಟ್ಟುಕೊಟ್ಟರೂ ಮತ್ತೆ ನಾನೇ ಅಡ್ಡ ಬಂದಿದ್ದೆ. "ಹೇಗೆ ಕ್ಷಮೆ ಕೇಳಲಿ..." ಎಂದೆ.

"ಬೆಳಗ್ಗೆ ಅತ್ತೆ. ಸುಳ್ಳು ಹೇಳಲ್ಲ. ಅತ್ತು ಮುಗಿದ ಮೇಲೆ ಒಂದು ಯೋಚನೆ ಬಂತು." ಒರೆಸುವ ಬಟ್ಟೆಯನ್ನು ಮಡಚಿದರು, ಬಿಡಿಸಿದರು. "ನಿಮ್ಮ ಗಾಜು ನಾಲ್ಕನೇ ದಿನವೇ ರೆಡಿ ಆಗಿತ್ತು. ಅದನ್ನ ಬಿಟ್ಟು ಇನ್ನೊಂದು ಜೊತೆ ಉಜ್ಜಿದೆ. ಆಮೇಲೆ ಮತ್ತೊಂದು. ಯಾಕೆ ಅಂತ ನನ್ನನ್ನೇ ಕೇಳ್ಕೊಂಡೆ."

"ಯಾಕೆ?"

"ರೆಡಿ ಆದ್ರೆ ನೀವು ತಗೊಂಡು ಹೋಗಿಬಿಡ್ತೀರಲ್ಲ."

ಕೊಟ್ಟ ಕನ್ನಡಕ ಅಷ್ಟರಲ್ಲೇ ಮಂಜಾಯಿತು. ತೆಗೆದು ಒರೆಸಿಕೊಂಡೆ. ಅವರು ಇಷ್ಟು ಹೇಳಿದ ಮೇಲೆ ನಾನು ಮುಚ್ಚಿಡುವುದು ಸರಿಯಲ್ಲವೆನಿಸಿತು.

"ನಾಲ್ಕು ಗಂಟೆಗೆ ಕೆಡೋ ಕ್ಯಾಮೆರಾನ ನಾಲ್ಕು ಗಂಟೆಗೇ ಬಂದು ನೋಡ್ಬೇಕು ಅಂತ ನನಗೆ ಮೊದಲನೇ ದಿನವೇ ಗೊತ್ತಿತ್ತು," ಎಂದೆ. "ಗೊತ್ತಿದ್ದೂ ಎರಡು ಸಲ ಬೆಳಗ್ಗೆ ಬಂದೆ. ಸರಿ ಹೋಗಿಬಿಟ್ರೆ ಮತ್ತೆ ಕರೆಯಲ್ವಲ್ಲ ಅಂತ."

ಅವರು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. "ಅವಳನ್ನ ಮರೆಯೋದಿಲ್ಲ ನಾನು. ಅದನ್ನ ಮೊದಲೇ ಹೇಳ್ಬೇಕು."

"ಇಪ್ಪತ್ತೇಳು ನಂಗೆ ಬೇಡ. ಅದು ಅವರದು. ಒಂದು ಜಾಲದಲ್ಲಿ ಇನ್ನೂರಕ್ಕೂ ಹೆಚ್ಚು ನಂಬರ್ ಇರುತ್ತೆ."

"ಇನ್ನೂರು ಜನ ಬೇಡಪ್ಪ," ಎಂದರು. "ಒಬ್ಬರು ಸಾಕು."

ನಾಲ್ಕು ಹೊಡೆಯಿತು. ಪರದೆಯನ್ನು ಅವರೇ ಸರಿಸಿ ಹಿಡಿದರು. ಬೆಂಚಿನ ಮೇಲಿದ್ದ ನಿಘಂಟನ್ನು ಕೆಳಗಿಟ್ಟು ಜಾಗ ಮಾಡಿದರು. ನೀಲಿ ಕವಚ ಬಿಡಿಸಿದರು. ನಾನು ಟ್ಯಾಬ್ ಮುಟ್ಟಲಿಲ್ಲ. ಪಕ್ಕದಲ್ಲಿ ಕುಳಿತು ಹೊಸ ಕನ್ನಡಕದಲ್ಲಿ ಸಣ್ಣ ಅಕ್ಷರದ ಸುಳಿವುಗಳನ್ನು ಗಟ್ಟಿಯಾಗಿ ಓದಿದೆ, ಅವರು ಒಂದೊಂದೇ ಮನೆ ತುಂಬಿಸಿದರು. ಕೆಲವು ನನಗೆ ಗೊತ್ತಿದ್ದವು, ಹಲವು ಇಬ್ಬರಿಗೂ ಗೊತ್ತಿರಲಿಲ್ಲ. ಮುಗಿದಾಗ ಮೇಲೆ ಎಣಿಕೆ ಒಂದು ಎಂದು ಬಂತು. ಅದನ್ನೇ ಅವರು ಬಹಳ ಹೊತ್ತು ನೋಡಿದರು.

ಆಮೇಲೆ ತಲೆಯೆತ್ತಿ, ಎದುರು ಗೋಡೆಯಲ್ಲಿ ನಮ್ಮಿಬ್ಬರನ್ನೂ ರೆಪ್ಪೆ ಬಡಿಯದೆ ನೋಡುತ್ತಿದ್ದ ಮೂರನೇ ಕ್ಯಾಮೆರಾವನ್ನು ಗದ್ದ ಎತ್ತಿ ತೋರಿಸಿದರು.

"ಮೇಡಂ, ದಿನಾ ಈ ಹೊತ್ತಿಗೆ ಅದು ಮೊದಲಿನ ಹಾಗೆ ಕಾಲು ಗಂಟೆ ನಿದ್ದೆ ಮಾಡೋ ಹಾಗೆ ಮಾಡೋಕಾಗುತ್ತಾ?"

"ಆಗುತ್ತೆ," ಎಂದೆ. "ಆದ್ರೆ ಅದನ್ನ ಮಲಗಿಸೋಕೆ ನಾನೇ ಬರ್ಬೇಕಾಗುತ್ತೆ. ದಿನಾ."