ರಸ್ತೆಯ ಮೇಲಿನ ಹೊಸ ಪಿನ್ನು

"ನನ್ನ ಗಂಡ ಕುಡಿಯಾಕಿಲ್ಲ, ವಕೀಲಮ್ಮ. ಬಾಯಿ ವಾಸ್ನೆ ಕೂಡ ನೋಡ್ಲಿಲ್ಲ ಅವರು. ಸೀದಾ ಒದ್ದು ಒಳಗೆ ಹಾಕಿದ್ರು."

ಚೌಡಕ್ಕ ಕುರ್ಚಿಯ ಮೇಲೆ ಕೂರಲಿಲ್ಲ. ಗುಮಾಸ್ತ ಓಬಣ್ಣ ಎರಡು ಸಲ ಎಳೆದುಕೊಟ್ಟರೂ ಬಾಗಿಲಲ್ಲೇ ನಿಂತು ಮಾತಾಡಿದಳು. ಅದು ಎಂಬತ್ತಮೂರನೇ ಇಸವಿ. ಪೊಲೀಸರು ಮುಚ್ಚಿಹಾಕಿದ ಕೇಸುಗಳನ್ನು ಹೊತ್ತು ಜನ ಚನ್ನಗಿರಿಯ ನಿರ್ಮಲಮ್ಮನ ಆಫೀಸಿಗೆ ಬರುವುದು ಹೊಸದೇನಲ್ಲ. ಆಕೆ ವಕೀಲಿಗಿಂತ ಪತ್ತೇದಾರಿಕೆಯನ್ನೇ ಹೆಚ್ಚು ಮಾಡುತ್ತಾಳೆಂದು ಕೋರ್ಟಿನಲ್ಲಿ ನಗುವವರಿದ್ದರು. ಓಬಣ್ಣನಿಗೆ ಆ ನಗೆ ಕಂಡರೆ ಮೈ ಉರಿಯುತ್ತಿತ್ತು.

ನಡೆದದ್ದು ಇಷ್ಟು. ಚೌಡಕ್ಕನ ಗಂಡ ಗಾದ್ರಪ್ಪ, ಕೆರೆಬಿಳಚಿಯ ಮಹೇಶ್ವರಪ್ಪನ ಟ್ರಾಕ್ಟರ್ ಡ್ರೈವರು. ನಾಟಿಗೆ ಹೆಣ್ಣಾಳುಗಳನ್ನು ಕರೆದೊಯ್ಯುವಾಗ ಸೂಳೆಕೆರೆ ಏರಿಯ ಹತ್ತಿರದ ದಿಬ್ಬದಲ್ಲಿ ಟ್ರೇಲರ್ ಕಳಚಿ ಹಿಂದಕ್ಕೆ ಉರುಳಿ ಮಗುಚಿತು. ಆಗಿನ್ನೂ ಇಬ್ಬರೇ ಹತ್ತಿದ್ದರು. ಸುಂಕಲಮ್ಮ ಸತ್ತಳು, ಅಂಜಮ್ಮನ ಕಾಲು ಮುರಿಯಿತು. ಟ್ರಾಕ್ಟರಿಗೂ ಟ್ರೇಲರಿಗೂ ಕೊಂಡಿ ಹಾಕುವ ಪಿನ್ನು ಮುರಿಯದೆ ಇಡಿಯಾಗಿ ರಸ್ತೆಯ ಮೇಲೆ ಸಿಕ್ಕಿತು. ಡ್ರೈವರು ಕುಡಿದ ಅಮಲಿನಲ್ಲಿ ಅದನ್ನು ಸರಿಯಾಗಿ ಸಿಕ್ಕಿಸಿರಲಿಲ್ಲ ಎಂದು ಪೊಲೀಸರು ಬರೆದುಕೊಂಡರು.

ಠಾಣೆಗೆ ಹೋದ ನಿರ್ಮಲಮ್ಮನಿಗೆ ಲಾಕಪ್ಪಿನಲ್ಲಿದ್ದ ಗಾದ್ರಪ್ಪ ಬೇರೆಯೇ ಹೇಳಿದ. "ಅಲ್ಲಿ ಪಿನ್ನೇ ಇರಲಿಲ್ರೀ. ಮೆಕ್ಯಾನಿಕ್ ಯರ್ರಿಸ್ವಾಮಿ ಕೊಯ್ದು ಕೊಟ್ಟಿದ್ದ ಕಬ್ಬಿಣದ ರಾಡು ಇತ್ತು. ಅದು ತುಂಡಾತು. ಟ್ರಾಕ್ಟರ್ ಬಂದ್ ಆತು. ತಳ್ಳದೆ ಸ್ಟಾರ್ಟ್ ಆಗಾಕಿಲ್ಲ ಅದು. ಒಬ್ಬನ ಕೈಲಿ ಟ್ರೇಲರ್ ಎತ್ತಾಕೆ ಆಗ್ತದಾ? ಜನ ಕರೆಯಾಕೆ ಊರಿಗೆ ಓಡಿದೆ. ವಾಪಸ್ ಬಂದಾಗ ರಾಡಿನ ತುಂಡು ಮಾಯ, ಹೊಸ ಪಿನ್ನು ಬಿದ್ದೈತೆ."

"ಒಳ್ಳೆ ಮಾಟಗಾರನ ಕತೆ," ಎಂದು ಎಸ್.ಐ. ನಕ್ಕ.

ನಿರ್ಮಲಮ್ಮ ನಗಲಿಲ್ಲ. ಠಾಣೆಯಲ್ಲಿದ್ದ ಪಿನ್ನನ್ನು ಕೇಳಿ ಪಡೆದು ಓಬಣ್ಣನ ಕೈಗಿಟ್ಟಳು. ಅದರ ನೀಲಿ ಬಣ್ಣ ನಡುವಿನಲ್ಲೂ ಕಿತ್ತುಹೋಗಿರಲಿಲ್ಲ. ಠಾಣೆಯ ಹಿತ್ತಿಲಲ್ಲಿ ನಿಲ್ಲಿಸಿದ್ದ ಟ್ರಾಕ್ಟರಿನ ಕೊಂಡಿಯ ತೂತಿಗೆ ಬೆರಳು ಹಾಕಿದರೆ ಅದು ಸವೆದು ಮೊಟ್ಟೆಯಾಕಾರಕ್ಕೆ ಬಂದಿತ್ತು.

ಮೊದಲು ಯರ್ರಿಸ್ವಾಮಿಯ ಅಂಗಡಿಗೆ ಹೋದರು. ಅವನು ಒಂದು ಲಾರಿಯ ಕೆಳಗೆ ಮಲಗಿದ್ದ. ಅದರ ಮುಂದಿನ ನಂಬರಿನ ಬಿಳಿ ಹಲಗೆಯ ಕರಿ ಅಕ್ಷರದ ಮೇಲೆ ಗ್ರೀಸು ಮೆತ್ತಿತ್ತು.

"ರಾಡು ಕೊಯ್ದು ಕೊಟ್ಟೋನು ನಾನೇ. ಇಲ್ಲ ಅನ್ನಾಕಿಲ್ಲ. ಎರಡು ದಿನದ ಮಟ್ಟಿಗೆ ಅಂತ ಕೊಟ್ಟಿದ್ದು. ನೀಲಿ ಪಿನ್ನೂ ನನ್ನ ಅಂಗಡೀದೇ, ಊರಿಗೆಲ್ಲ ಮಾರೀನಿ. ಆದರೆ ಅವತ್ತು ಇದೇ ಲಾರಿ ಜತಿ ಹೊನ್ನಾಳಿ ಕ್ಯಾಂಪಿಗೆ ಹೋಗಿದ್ದೆ, ಎಫ್.ಸಿ. ಮಾಡ್ಸಾಕೆ."

ವರ್ಷವರ್ಷವೂ ಕ್ಯಾಂಪಿಗೆ ಬರುವ ಬ್ರೇಕ್ ಇನ್ಸ್‌ಪೆಕ್ಟರಿಗೆ ಗಾಡಿ ತೋರಿಸಿ, ರಸ್ತೆಗೆ ಯೋಗ್ಯ ಎಂದು ಬರೆಸಿಕೊಳ್ಳುವುದೇ ಎಫ್.ಸಿ.

ಮಹೇಶ್ವರಪ್ಪ ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದ. ಅಂಗಳದಲ್ಲಿ ಆಳೊಬ್ಬ ಜೀಪು ತೊಳೆಯುತ್ತಿದ್ದ. ಕರಿ ಹಲಗೆಯ ಬಿಳಿ ಅಂಕಿಗಳು ಫಳಫಳ ಹೊಳೆಯುತ್ತಿದ್ದವು.

"ನಿಮ್ಮ ಟ್ರಾಕ್ಟರಿಗೆ ಎಫ್.ಸಿ. ಆಗೈತಾ?"

"ಅದು ಹೊಲದ ಟ್ರಾಕ್ಟರ್ ಕಣಮ್ಮ. ಬರೀ ಬೇಸಾಯದ್ದು. ಕಾನೂನಿನಾಗೇ ಬಿಟ್ಟೈತೆ. ವಕೀಲಿ ಓದಿದೋರು ನಿಮಗೆ ನಾ ಹೇಳಬೇಕಾ?"

"ಅವತ್ತು ಬೆಳಿಗ್ಗೆ ಎಲ್ಲಿದ್ರಿ?"

"ಹೊನ್ನಾಳಿ ಕ್ಯಾಂಪಿನಾಗೆ. ಜೀಪಿಗೆ ಎಫ್.ಸಿ. ಮಾಡ್ಸಾಕೆ ನಿಂತಿದ್ದೆ. ಸಂತೆ ಸಂತೆ ಜನ."

ಹೊರಗೆ ಬಂದ ಮೇಲೆ ಓಬಣ್ಣ ಹೇಳಿದ: "ಇಬ್ಬರೂ ಹೊನ್ನಾಳೀಲೇ ಇದ್ರಲ್ಲ, ಮೇಡಂ. ಇನ್ನ್ಯಾರನ್ನ ಹುಡುಕೋಣ?"

"ತಲೆ ಉಪಯೋಗಿಸು," ಎಂದಳು ನಿರ್ಮಲಮ್ಮ.

ಆಸ್ಪತ್ರೆಯಲ್ಲಿ ಅಂಜಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕರೆದಾಗ ಈ ಕಡೆ ತಿರುಗಿದಳು. "ಗಾದ್ರಣ್ಣ ಓಡಿ ಹೋದ ಮ್ಯಾಲೆ ಒಂದು ಗಾಡಿ ಬಂದು ನಿಂತಿತು. ಸುಂಕಲಮ್ಮ ಆಗಿನ್ನೂ ನರಳ್ತಿದ್ಲು. ನಾನು ನೀರು ನೀರು ಅಂದೆ. ಯಾರೋ ಇಳಿದ್ರು, ಕಬ್ಬಿಣದ ಸದ್ದಾತು. ಗಾಡಿ ಹೋತು. ಪೊಲೀಸಿಗೆ ಹೇಳಿದ್ರೆ, ನಿನಗೆ ಜ್ವರದ ಭ್ರಾಂತು ಅಂದ್ರು."

"ಮುಖ ಕಾಣ್ಲಿಲ್ವಾ?"

"ನೆಲಕ್ಕೆ ಒತ್ತಿತ್ತವ್ವ ನನ್ನ ತಲೆ. ಗಾಡಿ ಮುಂದಿನ ಹಲಗೆಯಷ್ಟೇ ಕಾಣ್ತಿತ್ತು, ಸಾಲಿ ಬೋರ್ಡಿನಂಗೆ. ಕರೇದರ ಮ್ಯಾಲೆ ಬಿಳೇದು ಬರದಿದ್ರು. ನನಗೆ ಓದಾಕೆ ಬರಾಕಿಲ್ಲ."

ಓಬಣ್ಣ ತಲೆ ತಗ್ಗಿಸಿದ. ನಿರ್ಮಲಮ್ಮ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಮರುದಿನ ಠಾಣೆಗೆ ಎಲ್ಲರನ್ನೂ ಕರೆಸಿದಳು. ಗಾದ್ರಪ್ಪ ಸರಳಿನ ಹಿಂದೆ, ಚೌಡಕ್ಕ ಅದರ ಎದುರಿಗೆ. ಯರ್ರಿಸ್ವಾಮಿ ಮೂಲೆಯಲ್ಲಿ ನಿಂತಿದ್ದ. ಮಹೇಶ್ವರಪ್ಪನಿಗೆ ಎಸ್.ಐ. ತಾನೇ ಕುರ್ಚಿ ಎಳೆದುಕೊಟ್ಟ.

"ಈ ಪಿನ್ನು ಒಂದು ದಿನವೂ ಟ್ರೇಲರ್ ಎಳೆದಿಲ್ಲ," ನಿರ್ಮಲಮ್ಮ ಶುರುಮಾಡಿದಳು. "ಎಳೆದಿದ್ದರೆ ನಡುವೆ ಬಣ್ಣ ಉಳೀತಿರಲಿಲ್ಲ. ಅಂದಮೇಲೆ ಗಾದ್ರಪ್ಪ ಹೇಳಿದ್ದು ನಿಜ. ರಾಡು ಮುರೀತು, ಅದನ್ನ ಯಾರೋ ಎತ್ತಿಕೊಂಡು ಪಿನ್ನು ಎಸೆದು ಹೋದರು. ರಾಡು ಸಿಕ್ಕರೆ ಯಾರಿಗೆ ಕೇಡು? ಕೊಯ್ದು ಕೊಟ್ಟ ಯರ್ರಿಸ್ವಾಮಿಗೆ, ಅದನ್ನೇ ಹಾಕಿಸಿದ ಮಾಲೀಕರಿಗೆ."

"ಇಬ್ಬರೂ ಕ್ಯಾಂಪಿನಲ್ಲಿದ್ದರಲ್ಲ," ಎಂದ ಎಸ್.ಐ.

"ಕ್ಯಾಂಪಿಗೆ ಯಾವ ಗಾಡಿ ಹೋಗ್ತದೆ ಅಂತ ಪೊಲೀಸರಿಗೇ ಗೊತ್ತಿಲ್ವೇನ್ರಿ? ಲಾರಿ, ಬಸ್ಸು, ಬಾಡಿಗೆ ಕಾರು, ಇವು ಬಾಡಿಗೆ ವರ್ಗ. ಬಿಳಿ ಹಲಗೆ, ಕರಿ ಅಕ್ಷರ. ಇವಕ್ಕೆ ವರ್ಷವರ್ಷ ಎಫ್.ಸಿ. ಬೇಕು. ಸ್ವಂತ ಗಾಡಿಗೆ ಕರಿ ಹಲಗೆ, ಬಿಳಿ ಅಕ್ಷರ. ಅದಕ್ಕೆ ಎಫ್.ಸಿ.ಯೇ ಇಲ್ಲ. ಯರ್ರಿಸ್ವಾಮಿಯ ಲಾರಿಗೆ ಅಲ್ಲಿ ಕೆಲಸ ಇತ್ತು. ಮಹೇಶ್ವರಪ್ಪನವರೇ, ನಿಮ್ಮ ಜೀಪಿಗೆ ಏನು ಕೆಲಸ ಇತ್ತು?"

ಮಹೇಶ್ವರಪ್ಪ ಎಲೆ ಅಗಿಯುವುದನ್ನು ನಿಲ್ಲಿಸಿದ. "ಅದು... ಒಮ್ಮೊಮ್ಮೆ ಬಾಡಿಗೆಗೂ ಬಿಡ್ತೀನಿ."

"ಕರಿ ಹಲಗೆ ಹಾಕ್ಕೊಂಡು ಬಾಡಿಗೆ ಹೊಡೆಯೋ ಜೀಪನ್ನ ಬ್ರೇಕ್ ಇನ್ಸ್‌ಪೆಕ್ಟರ ಮುಂದೆ ನೀವಾಗೇ ಒಯ್ದು ನಿಲ್ಲಿಸಿದ್ರಾ? ಅವರು ಅದನ್ನ ಹಿಡಿದಿಟ್ಟುಕೊಳ್ಳದೆ ಮನೆಗೆ ಕಳಿಸಿದ್ರಾ?" ಆಕೆಯ ದನಿ ಏರಿತು. "ಟ್ರಾಕ್ಟರನ್ನ ಬೇಸಾಯದ ವರ್ಗಕ್ಕೆ ಸೇರಿಸಿ ಪರೀಕ್ಷೆ ತಪ್ಪಿಸೋದು ಗೊತ್ತಿತ್ತು. ಸುಳ್ಳು ಹೇಳೋ ಆತುರದಲ್ಲಿ ಜೀಪು ಯಾವ ವರ್ಗದ್ದು ಅನ್ನೋದೇ ಮರೆತುಹೋಯ್ತು! ಸಾಯ್ತಾ ಇದ್ದ ಸುಂಕಲಮ್ಮನ ಮುಂದೆ ಬಂದು ನಿಂತ ಗಾಡಿಗೆ ಕರಿ ಹಲಗೆ ಇತ್ತು. ಅಂಜಮ್ಮ ನೋಡಿದಾಳೆ. ನಾಟಿ ನೋಡಾಕೆ ಹಿಂದೇ ಬಂದ ನಿಮ್ಮ ಜೀಪಿನೊಳಗೇ ಹೊಸ ಪಿನ್ನು ಇತ್ತು. ಆ ದಿನಕ್ಕೂ ಮುಂಚೆ ಅದನ್ನ ಟ್ರಾಕ್ಟರಿಗೆ ಹಾಕಾಕೆ ನಿಮಗೆ ಏನಾಗಿತ್ತು?"

ಮೂಲೆಯಿಂದ ಯರ್ರಿಸ್ವಾಮಿ ಗೊಣಗಿದ: "ನನ್ನ ಹತ್ರ ತಗಂಡೋಗಿ ವಾರದ ಮ್ಯಾಲಾಗಿತ್ತು. ಹೆದರಿ ಹೇಳಲಿಲ್ಲ."

"ನಾಟಿ ಹಂಗಾಮು ಇತ್ತು," ಮಹೇಶ್ವರಪ್ಪ ಕೂಗಾಡಿದ. "ಒಂದಿನ ನಿಲ್ಲಿಸಾಕೆ ಪುರಸೊತ್ತು ಎಲ್ಲಿತ್ತು? ಅವಳು ಹೆಂಗಿದ್ರೂ ಸಾಯೋಳು! ನೀರು ಕೊಟ್ಟಿದ್ರೆ ಉಳೀತಿದ್ಲಾ?"

ಅಂದ ಮೇಲೆ ತಾನು ಅಂದದ್ದು ಅವನಿಗೇ ಕೇಳಿಸಿತು. ಎಸ್.ಐ. ಅವನ ಮುಖ ನೋಡದೆ ಕಾನ್ಸ್‌ಟೇಬಲ್‌ನನ್ನು ಕರೆದ.

ಲಾಕಪ್ಪಿನ ಬಾಗಿಲು ತೆಗೆದಾಗ ಗಾದ್ರಪ್ಪ ಹೆಂಡತಿಯನ್ನು ಮುಟ್ಟಲಿಲ್ಲ, ವಕೀಲಮ್ಮನಿಗೆ ಕೈ ಮುಗಿಯಲೂ ಇಲ್ಲ.

"ಮನೆಗೆ ಹೋಗಪ್ಪ," ಎಂದಳು ನಿರ್ಮಲಮ್ಮ.

"ಮೊದ್ಲು ಸುಂಕಲಮ್ಮನ ಮನೀಗೆ."

ಓಬಣ್ಣ ಗಾಬರಿಯಾದ. "ಅವಳ ಗಂಡ ನಿನ್ನ ಕೊಲ್ತೀನಿ ಅಂತ ತಿರುಗಾಡ್ತಾ ಇದಾನೆ, ಮಾರಾಯ. ಸುದ್ದಿ ತಲುಪಲಿ, ಆಮೇಲೆ ಹೋಗು."

"ಸುದ್ದಿ ನಾನೇ ಹೇಳ್ತೀನಿ. ರಾಡು ನಿಲ್ಲಾಕಿಲ್ಲ ಅಂತ ನನಗೂ ಗೊತ್ತಿತ್ತು ಅನ್ನೋದನ್ನೂ ಹೇಳ್ತೀನಿ. ಓಡಿಸು, ಇಲ್ಲ ಕೀಲಿ ಕೊಟ್ಟು ಹೋಗು ಅಂದ್ರು ಮಾಲೀಕ್ರು. ಓಡಿಸ್ದೆ."

ನೀವಾದರೂ ತಡೆಯಿರಿ ಎಂಬಂತೆ ಓಬಣ್ಣ ನಿರ್ಮಲಮ್ಮನ ಕಡೆ ತಿರುಗಿದ. ಆಕೆ ಪಕ್ಕಕ್ಕೆ ಸರಿದು ಗಾದ್ರಪ್ಪನಿಗೆ ದಾರಿ ಬಿಟ್ಟಳು. ಚೌಡಕ್ಕ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ, ಗಂಡನಿಗಿಂತ ಮುಂದಾಗಿ ಠಾಣೆಯ ಮೆಟ್ಟಿಲಿಳಿದಳು.