ಲಾಗಿಗೆ ಬಾರದ ಸಾಲು

ನೀರಿನ ಪಂಪುಗಳನ್ನು ನಡೆಸುವ ಪ್ರೋಗ್ರಾಂ ಬರೆಯುತ್ತಿದ್ದವನನ್ನು ಆಫೀಸಿನವರೆಲ್ಲ ಮೌನಿ ಎಂದೇ ಕರೆಯುತ್ತಿದ್ದರು. ಅವನ ಪ್ರೋಗ್ರಾಂ ಸಿಸ್ಟಮ್ ಲಾಗಿಗೆ, ಅಂದರೆ ಕಂಪ್ಯೂಟರಿನ ದಿನಚರಿಗೆ, ಕಳಿಸುವ ಸಂದೇಶಗಳನ್ನು ದಿನವಿಡೀ ಓದುವುದು ಅದೇ ಆಫೀಸಿನ ಹುಡುಗಿಯೊಬ್ಬಳ ಕೆಲಸ.

"ನಿಮ್ಮ ಪ್ರೋಗ್ರಾಂ ಎಷ್ಟು ಮಾತಾಡುತ್ತಪ್ಪಾ! ನೀವು ಬಾಯಿ ಬಿಟ್ರೆ ಮುತ್ತು ಉದುರುತ್ತಾ?" ಎಂದು ಅವಳು ಮೊದಲ ದಿನವೇ ರೇಗಿಸಿದ್ದಳು.

ಅವನು ಕಿವಿಯವರೆಗೂ ಕೆಂಪಾಗಿ ನಕ್ಕಿದ್ದ. "ಹೇಳೋದನ್ನೆಲ್ಲ ಅಲ್ಲೇ ಬರೀತೀನಲ್ಲ, ಓದಿ."

ಆ ನಗುವಿಗೇ ಅವಳು ಸೋತಿದ್ದಳು. ಅವನೇ ಕೇಳಲಿ ಎಂದು ಎರಡು ವರ್ಷ ಕಾದಳು. ಅವನು ಕೇಳಲಿಲ್ಲ. ಬೇರೆ ಊರಲ್ಲಿ ಕೆಲಸ ಹಿಡಿದು ಹೋದ. ಹೋದ ತಿಂಗಳು ಅವನ ಮದುವೆಯೂ ಆಯಿತು. ಅವಳು ಮನಸ್ಸು ಕಲ್ಲು ಮಾಡಿಕೊಂಡು ಶುಭಾಶಯ ಕಳಿಸಿದಳು.

ಇವತ್ತು ಮೂರನೇ ಪಂಪು ನಿಂತಿತು. ಕಾರಣ ಹುಡುಕಲು ಅವಳು ಡಿಬಗ್ ಸಂದೇಶಗಳನ್ನೂ, ಅಂದರೆ ದೋಷ ಹುಡುಕಲೆಂದೇ ಬರೆದ ಚಿಲ್ಲರೆ ಟಿಪ್ಪಣಿಗಳನ್ನೂ, ಲಾಗಿಗೆ ಬಿಟ್ಟಳು. ಸಂದೇಶಗಳಲ್ಲಿ ಅವು ತೀರಾ ಕೆಳಗಿನ ಮಟ್ಟದವು, ಮೇಲಿನವರ ಕಣ್ಣಿಗೆ ಬೀಳದಂಥವು. ಲಾಗ್ ತುಂಬಿ ತಲೆನೋವಾಗುತ್ತಿದೆ ಎಂದು, ಅವನು ಬರುವ ಮೊದಲೇ, ಅವಳೇ ಅವನ್ನು ನಿಲ್ಲಿಸಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ.

ಸರಿಯಾಗಿ ಮೂರೂವರೆಗೆ, ನೀರಿನ ಒತ್ತಡದ ಅಂಕಿಗಳ ನಡುವೆ ಒಂದು ಸಾಲು ಬಂತು.

"ಲಾಗ್ ಓದೋರಿಗೆ: ನಂಗೆ ನೀವಂದ್ರೆ ಪ್ರಾಣ. ಒಪ್ಪಿಗೆ ಇದ್ರೆ ಇವತ್ತು ನಾಲ್ಕು ಗಂಟೆ ಟೀಗೆ ನನ್ನೆದುರು, ಕಿಟಕಿ ಕುರ್ಚೀಲಿ ಕೂತ್ಕೊಳ್ಳಿ. ಇಲ್ಲಾಂದ್ರೆ ಏನೂ ಹೇಳ್ಬೇಡಿ, ಅರ್ಥ ಮಾಡ್ಕೋತೀನಿ. ಮೌನಿ."

ಅವಳು ಅದನ್ನು ಎರಡು ಸಲ ಓದಿದಳು. ಅವನು ಬರೆದಿಟ್ಟು ಹೋದ ಪ್ರೋಗ್ರಾಂ ಇನ್ನೂ ನಡೆಯುತ್ತಿತ್ತು; ಇದು ಅದರಿಂದ ಪ್ರತಿದಿನ ಮೂರೂವರೆಗೆ ಬಂದಿರಬೇಕಾದ ಸಾಲು. ಪ್ರತಿದಿನ ನಾಲ್ಕಕ್ಕೆ ಅವಳು ಬಾಗಿಲ ಬಳಿ ಗೆಳತಿಯರ ಜೊತೆ ಕೂತು ನಗುತ್ತಿದ್ದಳು. ಅವನು ಖಾಲಿ ಕುರ್ಚಿ ನೋಡುತ್ತ ಟೀ ಕುಡಿಯುತ್ತಿದ್ದ. ಅಯ್ಯೋ ಪುಣ್ಯಾತ್ಮ, ಒಂದು ಸಲ ಬಾಯಿಬಿಟ್ಟು ಕೇಳಬಾರದಿತ್ತೇ! ಅವಳಾದರೂ ಕೇಳಬಹುದಿತ್ತಲ್ಲ.

ಅವನಿಗೆ ಫೋನ್ ಮಾಡಿದಳು.

"ಪಂಪ್ ನಿಂತಿದೆ. ಡಿಬಗ್ ಆನ್ ಮಾಡ್ದೆ."

ಆ ಕಡೆಯಿಂದ ಅವನು, "ಅಂದ್ರೆ... ನೀವು ಓದೇ ಇರ್ಲಿಲ್ವಾ?"

"ಇಲ್ಲ ಕಣ್ರೀ. ನಾನೇ ಆಫ್ ಮಾಡಿದ್ದೆ."

"ರೀ, ಯಾರದು ಫೋನು?" ಅವನ ಹಿಂದಿನಿಂದ ಹೆಂಡತಿಯ ದನಿ ಕೇಳಿತು.

"ಹಳೇ ಆಫೀಸಿಂದು," ಎಂದು ಅವನು ಆಕೆಗೆ ಹೇಳಿದ. ಮತ್ತೆ ಫೋನಿಗೆ ಬಂದು, "ಆ ಸಾಲು ತೆಗೆದುಬಿಡಿ. ದಯವಿಟ್ಟು," ಎಂದ.

"ತೆಗೀತೀನಿ. ಚೆನ್ನಾಗಿರಿ."

ನಾಲ್ಕಾಯಿತು. ಅವಳು ಟೀ ಹಿಡಿದು ಹೋಗಿ ಕಿಟಕಿ ಕುರ್ಚಿಯಲ್ಲಿ ಕೂತಳು.

"ಏನೇ, ಇವತ್ತು ಅಲ್ಲಿ?" ಗೆಳತಿಯರು ಕೂಗಿದರು.

"ಇವತ್ತೊಂದಿನ," ಎಂದಳು.

ಎದುರಿನ ಕುರ್ಚಿ ಖಾಲಿಯಿತ್ತು. ಟೀ ಮುಗಿಸಿ, ಕಣ್ಣೊರೆಸಿಕೊಂಡು, ಆ ಸಾಲು ಅಳಿಸಲು ಎದ್ದುಹೋದಳು.