ಒಂದು ಸ್ಯಾಂಪಲ್ ಹೆಚ್ಚಿಗೆ

ಮೇಘನಾ ಪೂರ್ಣೇಶನಿಗೆ ಮೊದಲ ದಿನವೇ ಬೈದಿದ್ದಳು. ಮೇಗರವಳ್ಳಿಯ ಸಂಶೋಧನಾ ಕೇಂದ್ರದ ಬಾಗಿಲಲ್ಲಿ ಹೆಲ್ಮೆಟ್ ಹಾಕಿಕೊಂಡೇ ನಿಂತವನನ್ನು ಕೊರಿಯರ್‌ನವನು ಅಂದುಕೊಂಡು, ಐಸ್ ತರೋಕೆ ಇಷ್ಟು ಹೊತ್ತಾ ಎಂದು ರೇಗಿದಳು. ಅವನು ಪೂರ್ತಿ ಬೈಸಿಕೊಂಡು, ಕೈಯಲ್ಲಿದ್ದ ಚೀಲ ಮೆಲ್ಲಗೆ ಎತ್ತಿದ.

"ಐಸ್ ಅಲ್ಲ ಮೇಡಂ, ಹಾವು."

ಹೆಲ್ಮೆಟ್ಟಿನೊಳಗೆ ಕಣ್ಣುಗಳು ನಗುತ್ತಿದ್ದವು.

ಅವನು ತೀರ್ಥಹಳ್ಳಿ ಕಡೆ ಮನೆಗಳಿಗೆ ನುಗ್ಗಿದ ಹಾವು ಹಿಡಿದು ಕಾಡಿಗೆ ಬಿಡುವವನು. ಅರಣ್ಯ ಇಲಾಖೆಯ ಅನುಮತಿಯ ಮೇಲೆ ಅವಳಿಗಾಗಿ ಉಬ್ಬುಮೂತಿಯ ಗುಳಿಮಂಡಲ ಹಾವುಗಳನ್ನು ತರುತ್ತಿದ್ದ. ಅವುಗಳ ವಿಷದಲ್ಲಿ ಯಾವ ಯಾವ ಪ್ರೋಟೀನುಗಳಿವೆ ಎಂದು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಗುರುತಿಸುವುದು, ಆಸ್ಪತ್ರೆಯ ಆಂಟಿವೆನಮ್ ಮದ್ದು ಅವುಗಳಲ್ಲಿ ಎಷ್ಟನ್ನು ತಡೆಯುತ್ತದೆ ಎಂದು ನೋಡುವುದು ಅವಳ ಕೆಲಸ. ಹೆಚ್ಚಿನವನ್ನು ಅದು ಮುಟ್ಟುತ್ತಲೇ ಇರಲಿಲ್ಲ.

ಅವಳು ಇದನ್ನೆಲ್ಲ ವಿವರಿಸುವಾಗ ಅವನ ನೋಟ ಅವಳ ಮುಖದ ಮೇಲೇ ಇರುತ್ತಿತ್ತು.

"ಗ್ರಾಫ್ ಇಲ್ಲಿದೆ."

"ನೋಡ್ತಾ ಇದೀನಲ್ಲ," ಅನ್ನುತ್ತಿದ್ದ.

ಎಂಟು ಹಾವಿನ ವಿಷ ಸಾಕಿತ್ತು. ಆದರೂ ಮೇಘನಾ ಇನ್ನೊಂದು ಬೇಕು ಎಂದು ಮೆಸೇಜ್ ಕಳಿಸಿದಳು.

ಮರುದಿನ ಬೆಳಿಗ್ಗೆ ಆ ಒಂಬತ್ತನೆಯದು ದರಗೆಲೆಗಳ ನಡುವಿನಿಂದ ಅವನ ಬೆರಳಿಗೆ ಕಚ್ಚಿತು.

ಅವಳು ತೀರ್ಥಹಳ್ಳಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವನ ಕೈ ಮೊಣಕೈವರೆಗೆ ಊದಿತ್ತು. ಡಾಕ್ಟರ್ ಶಿವಮೂರ್ತಿ ಅವನ ರಕ್ತವನ್ನು ಗಾಜಿನ ಟ್ಯೂಬಿನಲ್ಲಿ ಇಪ್ಪತ್ತು ನಿಮಿಷ ಇಟ್ಟು ವಾಲಿಸಿದರು. ಹೆಪ್ಪುಗಟ್ಟಬೇಕಿದ್ದದ್ದು ನೀರಿನ ಹಾಗೆ ಹರಿಯಿತು. ಈ ಹಾವಿಗೆ ನಮ್ಮಲ್ಲಿರುವ ಆಂಟಿವೆನಮ್ ಉಪಯೋಗವಿಲ್ಲ, ಕಿಡ್ನಿ ಕೈಕೊಡದಂತೆ ನೋಡಿಕೊಳ್ಳುತ್ತ ಕಾಯಬೇಕು ಎಂದರು. ಔಷಧಿ ಯಾಕೆ ಕೊಡ್ತಿಲ್ಲ ಎಂದು ಅವನ ತಾಯಿ ಶೇಷಮ್ಮ ಮೇಘನಾಳನ್ನು ಕೇಳಿದರು. ಆ ವಾರ್ಡಿನಲ್ಲಿ ಅವಳಷ್ಟು ಚೆನ್ನಾಗಿ ಅದನ್ನು ಬಲ್ಲವರಿರಲಿಲ್ಲ. ಆದರೂ ಅವಳು ಡಾಕ್ಟರನ್ನೇ ಕೇಳಿ ಎಂದು ಕೈ ತೋರಿದಳು.

ಆರು ಗಂಟೆಗೊಮ್ಮೆ ರಕ್ತಪರೀಕ್ಷೆ. ಪ್ರತಿ ಸಲವೂ ಅವಳು ಟ್ಯೂಬಿನ ಪಕ್ಕ ನಿಂತು ಇಪ್ಪತ್ತು ನಿಮಿಷ ಎಣಿಸುತ್ತಿದ್ದಳು. ಅವನ ಒಸಡಿನಲ್ಲಿ ರಕ್ತ ಜಿನುಗಿದಾಗ, ಅದನ್ನು ಮಾಡಿದ ಪ್ರೋಟೀನಿನ ಹೆಸರೂ ಅವಳಿಗೆ ಗೊತ್ತಿತ್ತು.

ಎರಡನೇ ದಿನ ಮಧ್ಯಾಹ್ನ ಶೇಷಮ್ಮ ಗಂಜಿ ತರಲು ಹೋದಾಗ ಅವಳಿಗೆ ತಡೆಯಲಾಗಲಿಲ್ಲ.

"ಸ್ಯಾಂಪಲ್ ಸಾಕಾಗಿತ್ತು ಪೂರ್ಣೇಶ್. ನೀವು ಬರ್ಲಿ ಅಂತ ಸುಳ್ಳು ಹೇಳಿದೆ."

ಅವನು ಕಣ್ಣು ತೆರೆದ. ಬೈಯಲಿ ಎಂದು ಅವಳು ತಲೆ ತಗ್ಗಿಸಿದಳು.

"ಎಂಟು ಸಾಕು ಅಂತ ಲ್ಯಾಬ್ ಬೋರ್ಡ್ ಮೇಲೆ ನೀವೇ ಬರೆದಿದ್ರಿ," ಅಂದ ನಿಧಾನವಾಗಿ. "ಓದಿದ್ದೆ. ಆದ್ರೂ ಹೊರಟೆ."

ಅವಳು ಅವನ ಊದದ ಕೈ ಹಿಡಿದು ಸದ್ದಿಲ್ಲದೆ ಅತ್ತಳು. ಗಂಜಿ ಹಿಡಿದು ಬಂದ ಶೇಷಮ್ಮನ ಹೆಜ್ಜೆ ಕೇಳಿದರೂ ಕೈ ಬಿಡಲಿಲ್ಲ.

ಮೂರನೇ ದಿನ ಬೆಳಿಗ್ಗೆ ರಕ್ತ ಟ್ಯೂಬಿನೊಳಗೆ ಗಟ್ಟಿಯಾಗಿ ಕೂತಿತು. ಕಿಡ್ನಿ ಮಾತ್ರ ಇನ್ನೂ ಕೆಲವು ವಾರ ಪರೀಕ್ಷಿಸುತ್ತಿರಬೇಕು ಎಂದರು ಡಾಕ್ಟರ್.

"ಈಗ ಭಯ ಹೋಯ್ತಾ ಮೇಡಂ?" ಪೂರ್ಣೇಶ ಕೇಳಿದ.

"ಇಲ್ಲ. ಜಾಸ್ತಿ ಆಗಿದೆ."

"ಯಾಕೆ?"

"ಇಷ್ಟು ದಿನ ನೀವು ಬೇರೆಯವರಾಗಿದ್ರಿ," ಎಂದಳು. ಆಮೇಲೆ ಅವನ ಕಣ್ಣಲ್ಲೇ ಕಣ್ಣಿಟ್ಟು, "ಈಗ ನೀನು ನನ್ನವನು."